ಗ್ರೀನ್‌ವಿಚ್ ಸರಿಯೋ, ಗ್ರೆನಿಚ್ ಸರಿಯೋ?

ಥೇಮ್ಸ್ ದಂಡೆ: ಪತ್ರಿಕೆಯೊಂದರ ವಿಜ್ಞಾನ ಅಂಕಣದಲ್ಲಿ ಮತ್ತೆ ‘ಗ್ರೀನ್‌ವಿಚ್’ ಎಂದೇ ಅಚ್ಚಾಗಿದೆ. ಸೊನ್ನೆ ಡಿಗ್ರಿ ರೇಖಾಂಶ ಹಾದುಹೋಗುವ ಲಂಡನ್ನಿನ ಆ ಊರನ್ನು ಅಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ‘ಗ್ರೆನಿಚ್’ ಎನ್ನುತ್ತಾರೆ. ನುಡಿದಂತೆ ಬರೆಯುವ ಲಿಪಿ ನಮ್ಮದೆಂದು ಬೀಗುವ ನಾವು, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿ, ಆ ಊರಿಗೆ ಇಲ್ಲದ ಹೆಸರನ್ನು ಕಟ್ಟಿದ್ದೇವೆ.

ನಿವೃತ್ತ ಮೇಷ್ಟ್ರು: ‘ಯಾರೂ’ ಎಂಬುದು ಅತಿಯಾಯಿತು. ‘ಗ್ರೆನಿಜ್’, ‘ಗ್ರಿನಿಜ್’ ಎನ್ನುವವರೂ ಅಲ್ಲಿದ್ದಾರೆಂಬುದನ್ನು ಬ್ರಿಟಿಷ್ ಉಚ್ಚಾರಣಾ ಕೋಶಗಳೇ ದಾಖಲಿಸಿವೆ. ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶವನ್ನು ಗಂಟೆಗೆ 15 ಡಿಗ್ರಿಯಂತೆ ಭಾಗಿಸಿ, ಭಾರತದ ಕಾಲ ಗ್ರೀನ್‌ವಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದೆಯೆಂದು ಬೋರ್ಡಿನ ಮೇಲೆ ತೋರಿಸುವಾಗ, ಇವುಗಳಲ್ಲಿ ಯಾವುದನ್ನು ಬರೆಯಬೇಕು? ಅಲ್ಲದೆ ‘ವಿಚ್’ ಎಂದರೆ ಉಪ್ಪಿನ ಊರು. ‘ವ’ಕಾರವನ್ನು ನುಂಗಿದರೆ ಅರ್ಥವೂ ಹೋಗುತ್ತದೆ.

ಪದಶೋಧಕ: ಉಪ್ಪಿನ ಊರೇ? ಲ್ಯಾಟಿನ್ನಿನ ‘ವಿಕುಸ್’ನಿಂದ ಬಂದ ಹಳೆಯ ಇಂಗ್ಲಿಷಿನ ‘ವಿಕ್’ ಎಂಬುದಕ್ಕೆ ವಸತಿ, ವ್ಯಾಪಾರದ ನೆಲೆ, ಬಂದರು, ಹೈನಿನ ಕೊಟ್ಟಿಗೆ ಎಂಬ ಅರ್ಥಗಳಿವೆ. ಗ್ರೀನ್‌ವಿಚ್ ಎಂದರೆ ಹಸಿರು ಬಂದರು, ಅಥವಾ ಹಸಿರು ವ್ಯಾಪಾರನೆಲೆ. ಅಲ್ಲಿ ಉಪ್ಪುನೀರಿನ ಬುಗ್ಗೆ ಎಲ್ಲಿದೆ, ದಯವಿಟ್ಟು ತೋರಿಸಿ.

ನಿವೃತ್ತ ಮೇಷ್ಟ್ರು: ಚೆಷೈರಿನ ನಾರ್ತ್‌ವಿಚ್, ಮಿಡ್ಲ್‌ವಿಚ್, ನ್ಯಾಂಟ್‌ವಿಚ್ ಮೂರೂ ಉಪ್ಪಿನ ಊರುಗಳು. ಡ್ರಾಯ್ಟ್‌ವಿಚ್‌ನಲ್ಲಿಯೂ ಉಪ್ಪು ತೆಗೆಯುತ್ತಿದ್ದರು. ನಾಲ್ಕೂ ಕಾಕತಾಳೀಯವೆಂದು ತಾವು ಹೇಳುವಿರಾದರೆ ನನ್ನ ಮಾತು ಮುಗಿಯಿತು.

ಪದಶೋಧಕ: ಕಾಕತಾಳೀಯವೆಂದು ನಾನು ಹೇಳಲೇ ಇಲ್ಲ. ವ್ಯಾಪಾರದ ನೆಲೆಗಳಲ್ಲಿ ಕೆಲವು ಉಪ್ಪಿನಿಂದ ಬೆಳೆದ ಕಾರಣ ಆ ಪ್ರದೇಶಗಳಲ್ಲಿ ‘ವಿಚ್’ ಎಂಬುದಕ್ಕೆ ಉಪ್ಪಿನ ನಂಟು ಅಂಟಿಕೊಂಡಿತು. ಅದನ್ನು ಹಿಡಿದು ನಾರ್ವಿಚ್, ಇಪ್ಸ್‌ವಿಚ್‌ಗಳಿಗೂ ಉಪ್ಪು ಸುರಿಯುವುದು ಯಾವ ನ್ಯಾಯ?

ಕಡಲದಾರಿ: ಇಬ್ಬರೂ ತಪ್ಪು. ಅದು ವೈಕಿಂಗರ ನಾರ್ಸ್ ಭಾಷೆಯ ‘ವಿಕ್’, ಅಂದರೆ ಕೊಲ್ಲಿ. ವೈಕಿಂಗರಾದ ಡೇನರ ಹಡಗುಪಡೆ ಗ್ರೀನ್‌ವಿಚ್‌ನಲ್ಲಿ ಬೀಡುಬಿಟ್ಟಿದ್ದಾಗಲೇ, 1012ರಲ್ಲಿ, ಆರ್ಚ್‌ಬಿಷಪ್ ಆಲ್ಫೆಜ್ ಅವರ ಹತ್ಯೆಯಾಯಿತು. ಅವರ ಹೆಸರಿನ ಚರ್ಚು ಇಂದಿಗೂ ಅಲ್ಲಿದೆ.

ಪದಶೋಧಕ: ಚರ್ಚು ಇರುವುದು ನಿಜ. ಆದರೆ ಹತ್ತನೆಯ ಶತಮಾನದ ದಾನಪತ್ರದಲ್ಲಿಯೇ ‘ಗ್ರೆನೆವಿಕ್’ ಇದೆ. ಬೀಡುಬಿಡುವ ಮುಂಚೆಯೇ ಹೆಸರಿಟ್ಟು ಹೋದರೇ?

ಕಡಲದಾರಿ: ವೈಕಿಂಗರು ಇಂಗ್ಲೆಂಡಿಗೆ ಬಂದದ್ದು ಎಂಟನೆಯ ಶತಮಾನದಲ್ಲಿ. ತಮ್ಮ ವ್ಯಂಗ್ಯಕ್ಕೆ ಇತಿಹಾಸದ ಆಧಾರವಿಲ್ಲ.

ನದಿಯಾಚೆ: ‘ವಿಚ್’ ಕಂಡಲ್ಲೆಲ್ಲ ಒಂದೇ ಮೂಲವೆಂದು ಹೊಡೆದಾಡುತ್ತಿರುವ ಮಹನೀಯರಿಗೆ ಒಂದು ಸೂಚನೆ: ದಕ್ಷಿಣ ಲಂಡನ್ನಿನಲ್ಲಿಯೇ ಇರುವ ಡಲಿಚ್ ಎಂಬ ಊರಿನ ಕಾಗುಣಿತ ‘ಡಲ್‌ವಿಚ್’ ಎಂದೇ ಇದ್ದರೂ, ಅದರ ಅರ್ಥ ಸಬ್ಬಸಿಗೆ ಬೆಳೆಯುವ ಜೌಗು ಹುಲ್ಲುಗಾವಲು. ಅಲ್ಲಿ ವಿಕ್ಕೂ ಇಲ್ಲ, ಉಪ್ಪೂ ಇಲ್ಲ.

ನಿವೃತ್ತ ಮೇಷ್ಟ್ರು: ಡಲಿಚ್ ಬಗ್ಗೆ ಇಲ್ಲಿ ಯಾರು ಕೇಳಿದರು?

ಥೇಮ್ಸ್ ದಂಡೆ: ನಾನು ಎತ್ತಿದ್ದು ಉಚ್ಚಾರದ ಪ್ರಶ್ನೆ. ಪಕ್ಕದ ಊರು ವುಲಿಚ್, ಎಸೆಕ್ಸಿನ ಬಂದರು ಹ್ಯಾರಿಚ್. ‘ವ’ಕಾರ ಬಿದ್ದುಹೋಗುವುದೇ ಅಲ್ಲಿನ ಪದ್ಧತಿ.

ನಿವೃತ್ತ ಮೇಷ್ಟ್ರು: ಪದ್ಧತಿಯೇ? ಕೆಂಟ್ ಪ್ರಾಂತ್ಯದ ಸ್ಯಾಂಡ್‌ವಿಚ್ ಊರಿನಲ್ಲಿ ‘ವ’ಕಾರ ಗಟ್ಟಿಯಾಗಿ ಕುಳಿತಿದೆ, ಇಪ್ಸ್‌ವಿಚ್‌ನಲ್ಲಿಯೂ ಇದೆ. ಬೇಕಾದ ಮೂರು ಊರುಗಳನ್ನು ಆರಿಸಿಕೊಂಡು ಪದ್ಧತಿ ಎನ್ನಬೇಡಿ.

ಮೆಜೆಸ್ಟಿಕ್ ನಿವಾಸಿ: 2014ರ ನವೆಂಬರ್ 1ರಂದು ಬ್ಯಾಂಗಲೋರನ್ನು ಇಂಗ್ಲಿಷಿನಲ್ಲಿಯೂ ಬೆಂಗಳೂರು ಮಾಡಿಸಿದಾಗ, ಊರಿನವರು ಕರೆಯುವಂತೆಯೇ ಜಗತ್ತು ಕರೆಯಬೇಕೆಂದವರು ನಾವು. ಇನ್ನೊಬ್ಬರ ಊರಿಗೆ ಆ ನಿಯಮ ಬೇಡವೇ?

ನಿವೃತ್ತ ಮೇಷ್ಟ್ರು: ಬೆಂಗಳೂರಿನದು ಆಡಳಿತದ ಹೆಸರು, ಇದು ಕನ್ನಡದ ಪಠ್ಯದಲ್ಲಿ ಬೇರೂರಿದ ರೂಢಿ. ಪ್ಯಾರಿಸನ್ನು ಫ್ರೆಂಚರಂತೆ ‘ಪರಿ’ ಎಂದು ಬರೆಯಲು ತಾವು ಸಿದ್ಧರಿದ್ದೀರಾ?

ಮೆಜೆಸ್ಟಿಕ್ ನಿವಾಸಿ: ಪ್ಯಾರಿಸ್ ಎಂದದ್ದು ಒಳ್ಳೆಯದಾಯಿತು. 1884ರ ವಾಷಿಂಗ್ಟನ್ ಸಮ್ಮೇಳನದಲ್ಲಿ 22 ದೇಶಗಳು ಗ್ರೆನಿಚ್ ಮೂಲಕ ಹಾದುಹೋಗುವ ರೇಖೆಯನ್ನು ಸೊನ್ನೆ ರೇಖಾಂಶವೆಂದು ಒಪ್ಪಿದಾಗ ಫ್ರಾನ್ಸ್ ಮತ ಹಾಕಲಿಲ್ಲ. 1911ರಲ್ಲಿ ತಮ್ಮ ದೇಶದ ಕಾಲವನ್ನು ಗ್ರೆನಿಚ್ ಕಾಲಕ್ಕೆ ಹೊಂದಿಸಿದ ಕಾನೂನಿನಲ್ಲಿ ‘ಪ್ಯಾರಿಸ್ಸಿನ ಸರಾಸರಿ ಕಾಲದಿಂದ 9 ನಿಮಿಷ 21 ಸೆಕೆಂಡು ಹಿಂದೆ’ ಎಂದು ಬರೆದುಕೊಂಡು ಆ ಹೆಸರನ್ನೇ ತಪ್ಪಿಸಿದರು. ಉಚ್ಚಾರ ಅಷ್ಟು ಕಷ್ಟವಾದರೆ ಮೇಷ್ಟ್ರೂ ಹಾಗೆಯೇ ಬರೆಯಲಿ.

ಪದಶೋಧಕ: ಉಪ್ಪಿನ ಬುಗ್ಗೆಯನ್ನು ಇನ್ನೂ ತೋರಿಸಿಲ್ಲ.