ಹಳೆ 407ರ ಡೀಸೆಲ್ ಪೈಪಿಗೆ ತುಕ್ಕು, ಮನೆಯಲ್ಲೇ ಬದಲಾಯಿಸಬಹುದಾ?

ಗಂಗೊಳ್ಳಿ 407

ನಮ್ಮದು 2003ರ ಟಾಟಾ 407. ಅಪ್ಪ ಹದಿನೈದು ವರ್ಷ ಇದರಲ್ಲೇ ಮೀನು ಸಾಗಿಸಿದ್ದಾರೆ. ಈಗ ನಾನು ಹಂಚು, ತೆಂಗಿನಕಾಯಿ ಬಾಡಿಗೆಗೆ ಓಡಿಸ್ತೇನೆ. ಎರಡು ವಾರದಿಂದ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಇಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪನ್ನು ಕೈಯಲ್ಲಿ ಮೂವತ್ತು ಸಲ ಒತ್ತಿದ ಮೇಲೆ ಹಿಡಿದುಕೊಳ್ಳುತ್ತದೆ. ಆಮೇಲೆ ಊರೊಳಗೆ ತೊಂದರೆ ಇಲ್ಲ, ಆದರೆ ಬಾಳೆಬರೆ ಘಾಟಿ ಹತ್ತುವಾಗ ಎರಡು ಸಲ ಎಳೆತ ಬಿಟ್ಟಿತು.

ಅಡಿಗೆ ನುಗ್ಗಿ ನೋಡಿದೆ. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಕಬ್ಬಿಣದ ಪೈಪು ಚಾಸಿಯ ಒಂದು ಕ್ಲಿಪ್ಪಿನ ಹತ್ತಿರ ಪದರು ಪದರಾಗಿ ಎದ್ದಿದೆ. ಆದರೆ ನೆಲಕ್ಕೆ ಒಂದು ಹನಿ ಡೀಸೆಲ್ಲೂ ಬಿದ್ದಿಲ್ಲ. ಹಾಗಾದರೆ ಪೈಪೇ ಕಾರಣವಾ? ಪರಿಚಯದ ಮೆಕ್ಯಾನಿಕ್ ತಾಮ್ರದ ಪೈಪು ಹಾಕಿಕೊಡ್ತೇನೆ ಅಂದರು, ಎರಡು ದಿನ ಗಾಡಿ ಬಿಡಬೇಕಂತೆ. ಅಷ್ಟು ದಿನ ಬಾಡಿಗೆ ಬಿಡಲಿಕ್ಕೆ ಆಗುವುದಿಲ್ಲ. ಭಾನುವಾರ ಅಂಗಳದಲ್ಲೇ ನಾನೇ ಮಾಡುವ ಅಂತ.

ಕಾರ್ಕಳದವ

ಕೊಳೆತಷ್ಟು ಕತ್ತರಿಸಿ ಡೀಸೆಲ್ ಹೋಸು ತೂರಿಸಿ ಎರಡು ಕ್ಲಿಪ್ಪು ಬಿಗಿದರೆ ಆಯಿತು ಮಾರಾಯ್ರೆ. ನನ್ನದು ಹಾಗೇ ಎರಡು ಮಳೆಗಾಲ ಕಳೆಯಿತು.

ಮಲ್ಪೆ ವರ್ಕ್‌ಶಾಪು

ಕಾರ್ಕಳದವರು ಹೇಳಿದ್ದು ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಸೇರಲಿಕ್ಕೆ ಸರಿ. ನಿಮ್ಮ ಗಾಡಿ ಮೀನಿನ ಉಪ್ಪುನೀರು ಕುಡಿದದ್ದು. ಒಂದು ಕ್ಲಿಪ್ಪಿನ ಹತ್ತಿರ ಪದರು ಎದ್ದಿದ್ದರೆ ಉಳಿದ ಕ್ಲಿಪ್ಪುಗಳ ಒಳಗೂ ಕೆಸರು, ಉಪ್ಪು ಕೂತಿರುತ್ತದೆ. ಪೂರ್ತಿ ಪೈಪೇ ತೆಗೆಯಿರಿ.

ಹನಿ ಬೀಳದೆ ಇರುವುದಕ್ಕೆ ಮೋಸ ಹೋಗಬೇಡಿ. ಅಷ್ಟು ಉದ್ದಕ್ಕೂ ಫೀಡ್ ಪಂಪು ಡೀಸೆಲನ್ನು ಎಳೆದುಕೊಳ್ಳುತ್ತದೆ. ಸೂಜಿಮೊನೆಯಷ್ಟು ತೂತಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿ ನಿಂತಾಗ ಆ ಗಾಳಿಯಿಂದಲೇ ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಪಂಪಿನ ಮುಂಚೆ ಒಂದಡಿ ಪಾರದರ್ಶಕ ಹೋಸು ಸೇರಿಸಿ ಎಂಜಿನ್ ಓಡಿಸಿ ನೋಡಿ, ಗುಳ್ಳೆ ಬಂದರೆ ತೂತು ಟ್ಯಾಂಕಿನ ಕಡೆಗೇ.

ತಾಮ್ರ ದಯವಿಟ್ಟು ಬೇಡ. ಬಗ್ಗಿಸಲು ಸುಲಭ ಅಂತ ನಾವೂ ಮೊದಲು ಅದನ್ನೇ ಹಾಕುತ್ತಿದ್ದೆವು. ತಾಮ್ರ ತಾಗಿದರೆ ಡೀಸೆಲ್ ಬೇಗ ಕೆಟ್ಟು ಅಂಟು ಕಟ್ಟುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಾಡಿಯ ಅದುರಿಗೆ ತಾಮ್ರ ಗಡುಸಾಗುತ್ತಾ ಹೋಗಿ ಒಂದು ದಿನ ಬಿರಿಯುತ್ತದೆ. ನಾನೇ ಹಾಕಿಕೊಟ್ಟ ಪೈಪು ಹೀಗೆ ಬಿರಿದು ಒಬ್ಬರ ಲೋಡು ಶಿರಾಡಿಯಲ್ಲಿ ರಾತ್ರಿಯಿಡೀ ನಿಂತಿತು. ಬಂಗುಡೆ ಪೂರ್ತಿ ಹಾಳಾಯಿತು. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ.

ಡೀಸೆಲ್‌ಗೆಂದೇ ಬರುವ ನೈಲಾನ್ ಪೈಪು ತನ್ನಿ, ಕರಾವಳಿಗೆ ಅದೇ ವಾಸಿ. ಹಳೆ ಪೈಪನ್ನೇ ಅಂಗಡಿಗೆ ಒಯ್ದು ಅಳತೆ ಹೊಂದಿಸಿ. ಸೈಲೆನ್ಸರಿನಿಂದ ದೂರ ಎಳೆಯಿರಿ, ಕ್ಲಿಪ್ಪಿನ ಕೆಳಗೆ ರಬ್ಬರ್ ಇಡಿ. ತುದಿಯನ್ನು ಬಿಸಿನೀರಲ್ಲಿ ಅದ್ದಿ ನಿಪ್ಪಲ್ಲಿಗೆ ತಳ್ಳಿ, ಬೆಂಕಿ ತೋರಿಸಬೇಡಿ. ಪೈಪಿನ ತುದಿ ಕೂಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೋ ಬೋಲ್ಟು) ವಾಷರು ಹೊಸದೇ ಇರಲಿ. ಒಳಗೆ ಚೂರು ಉಳಿದರೆ ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಇಂಜೆಕ್ಷನ್ ಪಂಪಿಗೇ ಹೊಡೆತ, ಹಾಗಾಗಿ ಜೋಡಿಸುವ ಮೊದಲು ಗಾಳಿ ಹೊಡೆದು ಸ್ವಚ್ಛ ಮಾಡಿ. ಫಿಲ್ಟರೂ ಬದಲಾಯಿಸಿ.

ಮೊದಲು ಚಕ್ರಕ್ಕೆ ಕಲ್ಲು ಕೊಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟ್ಯಾಂಕಿನ ಡೀಸೆಲ್ ಇಳಿಸಿ. ಬರಿ ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ. ಡೀಸೆಲ್ ತಾನೇ ಅಂತ ಗ್ರೈಂಡರ್ ಹಿಡಿಯಲೂ ಬೇಡಿ. 35 ಡಿಗ್ರಿ ದಾಟಿದರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಹುದು, ಬೇಸಿಗೆಯಲ್ಲಿ ಅಂಗಳವೇ ಅಷ್ಟು ಕಾಯುತ್ತದೆ.

ಕೊನೆಗೆ ಏರ್ ತೆಗೆಯಬೇಕು. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರಿ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ ಬಿಗಿಯಿರಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲೂ ಹಾಗೆಯೇ. ಎಂಜಿನ್ ತಿರುಗುವಾಗ ಇಂಜೆಕ್ಟರ್ ಕಡೆ ಕೈ ಒಡ್ಡಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ.

ಗಂಗೊಳ್ಳಿ 407

ಅಣ್ಣ, ಮುಗಿಯಿತು. ಹೋಸಿನಲ್ಲಿ ಗುಳ್ಳೆ ಸಾಲುಸಾಲಾಗಿ ಬಂತು. ಮೂರನೇ ಕ್ಲಿಪ್ಪು ಬಿಚ್ಚಿದ್ದೇ ತಡ, ಪೈಪು ಕೈಯಲ್ಲೇ ಮುರಿಯಿತು. ಹೊರಗಿಂದ ನೋಡಿದರೆ ಆ ಜಾಗ ಗಟ್ಟಿಯೇ ಕಾಣುತ್ತಿತ್ತು! ನಮ್ಮದರ ಹೊರ ಅಳತೆ 10 ಮಿ.ಮೀ. ಬಂತು. ಬೆಳಿಗ್ಗೆ ಏಳಕ್ಕೆ ಶುರು ಮಾಡಿದ್ದು, ಏರ್ ತೆಗೆದು ಮುಗಿಸುವಾಗ ಸಂಜೆ ನಾಲ್ಕು. ಸೋಮವಾರ ಬೆಳಿಗ್ಗೆ ಕೈಪಂಪು ಮುಟ್ಟದೆಯೇ ಸ್ಟಾರ್ಟ್ ಆಯಿತು.

ಅಪ್ಪ ಪಕ್ಕದಲ್ಲೇ ಕೂತು ಸ್ಪ್ಯಾನರ್ ಕೊಡುತ್ತಿದ್ದರು. ಮುರಿದ ಜಾಗ ನೋಡಿ, ಅದರ ನೇರ ಮೇಲೆ ಬಾಡಿಯ ಹಲಗೆಯಲ್ಲಿರುವ ತೂತು ತೋರಿಸಿದರು. ಐಸು ಕರಗಿದ ನೀರು ಇಳಿಯಲಿ ಅಂತ ಅವರೇ ಕೊರೆದದ್ದಂತೆ. ಈಗ ಅಲ್ಲಿಂದ ಚಾಸಿಯ ಆಚೆಗೆ ಒಂದು ಪಿವಿಸಿ ತುಂಡು ಇಳಿಸಿದ್ದೇವೆ. ಮಿಕ್ಕ ಡೀಸೆಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಪೈಪಿನಲ್ಲೂ ಅದೇ ಜಾಗದಲ್ಲಿ ಪದರು ಎದ್ದಿದೆ, ಅದು ಮುಂದಿನ ಭಾನುವಾರಕ್ಕೆ.