ಅಪ್‌ಡೇಟ್: ಅಮ್ಮನ ಹಿಮ್ಮಡಿ ನೋವು ಈಗ ಹೇಗಿದೆ

ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟ ಕೂಡಲೇ ಅಮ್ಮನಿಗೆ ಹಿಮ್ಮಡಿ ಚುಚ್ಚಿದ ಹಾಗೆ ನೋಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಇಲ್ಲೇ ಉಡುಪಿಯಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆವು. ಪ್ಲಾಂಟರ್ ಫ್ಯಾಸಿಯೈಟಿಸ್ ಅಂತೆ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ, ಅದರ ಮೇಲೆ ಎಳೆತ ಜಾಸ್ತಿಯಾದರೆ ಈ ನೋವು. ರಾತ್ರಿಯಿಡೀ ಪಾದ ಅಲ್ಲಾಡದೆ ಅದು ಬಿಗಿಯಾಗಿರುತ್ತದೆ, ಅದಕ್ಕೇ ಮೊದಲ ಹೆಜ್ಜೆ ಅಷ್ಟು ಕಷ್ಟ. ಎಕ್ಸ್‌ರೇಯಲ್ಲಿ ಮೂಳೆ ಮುಳ್ಳು, ಅಂದರೆ ಹಿಮ್ಮಡಿ ಮೂಳೆಯಿಂದ ಮುಳ್ಳಿನ ಹಾಗೆ ಚಾಚಿ ಬೆಳೆದ ಭಾಗ, ಕಂಡು ಅಮ್ಮ ಹೆದರಿದ್ದರು. ಆದರೆ ನೋವೇ ಇಲ್ಲದ ಎಷ್ಟೋ ಜನರಿಗೂ ಅದು ಇರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಸ್ಟ್ರೆಚಿಂಗ್. ಏಳುವ ಮೊದಲೇ ಮಂಚದಲ್ಲಿ ಕೂತು, ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು 10 ಸೆಕೆಂಡ್ ಹಿಡಿಯಬೇಕು. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಗೋಡೆಗೆ ಕೈಕೊಟ್ಟು ಮೀನಖಂಡವನ್ನೂ ಎಳೆಯಬೇಕು.

ಮನೆಯೊಳಗೆ ಚಪ್ಪಲಿ ಹಾಕಲು ಅಮ್ಮ ಒಪ್ಪುತ್ತಲೇ ಇರಲಿಲ್ಲ. ಟೈಲ್ಸ್ ನೆಲದಲ್ಲಿ ಬರಿಗಾಲಲ್ಲಿ ನಿಂತು ಅಡುಗೆ ಮಾಡಿದರೆ ಗುಣವಾಗುವುದು ಹೇಗೆ? ಅಡುಗೆಮನೆಗೆಂದೇ ಮೆತ್ತನೆಯ ಹೊಸ ಜೋಡಿ ತಂದೆ, ಈಗ ಹಾಕುತ್ತಾರೆ. ರಥಬೀದಿ ಸುತ್ತಿ ಮಠಕ್ಕೆ ಹೋಗಿ ಬಂದ ದಿನ ಬಾಟಲಿಯಲ್ಲಿ ನೀರು ಐಸ್ ಮಾಡಿ, ಬಟ್ಟೆ ಸುತ್ತಿ, ಅಂಗಾಲಿನ ಕೆಳಗೆ ಉರುಳಿಸುತ್ತೇವೆ. ಮಲ್ಪೆಯ ಮರಳಲ್ಲಿ ನಡೆಸಿ ಅಂತ ಒಬ್ಬರು ಹೇಳಿದ್ದಿರಿ, ಸದ್ಯಕ್ಕೆ ಬೇಡ ಅಂದರು ಡಾಕ್ಟರ್, ಮೆತ್ತನೆ ಮರಳಲ್ಲಿ ಹಿಮ್ಮಡಿ ಹುಗಿದು ಎಳೆತ ಜಾಸ್ತಿಯಾಗುತ್ತದಂತೆ.

ನೋವು ಪೂರ್ತಿ ಹೋಗಿಲ್ಲ, ಆದರೆ ಗೋಡೆ ಹಿಡಿಯದೆ ನಡೆಯುತ್ತಾರೆ. ತಿಂಗಳುಗಟ್ಟಲೆ ಬೇಕಾಗುವ ಕೆಲಸ ಇದು. ಇಂಜೆಕ್ಷನ್ ಬಗ್ಗೆ ಕೇಳಿದವರಿಗೆ: ಸ್ಟೀರಾಯ್ಡ್‌ನಿಂದ ಆ ಪಟ್ಟಿಯೇ ಹರಿಯುವ ಅಪಾಯ ಸ್ವಲ್ಪ ಇದೆ, ಹಾಗಾಗಿ ಈಗ ಕೊಡಿಸಿಲ್ಲ.