ಪಾಸ್ ಕೊಡುವ ಹುಡುಗನನ್ನು ಯಾರು ಲೆಕ್ಕಕ್ಕೆ ತಗೊಳ್ತಾರೆ?

ಬಸವನಗುಡಿ ಅಕ್ಕ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಜಯನಗರದ ಒಂದು ಕ್ಲಬ್‌ನಲ್ಲಿ ಆರು ವರ್ಷದಿಂದ ಬಾಸ್ಕೆಟ್‌ಬಾಲ್ ಆಡುತ್ತಿದ್ದಾನೆ, ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಬೇರೆಯವರಿಗೆ ಪಾಸ್ ಕೊಟ್ಟು ಆಡಿಸುವವನು. ಎತ್ತರ 5 ಅಡಿ 9 ಇಂಚು. ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತಾನೆ, ಮಳೆ ಬಂದರೂ ತಪ್ಪಿಸಲ್ಲ.

ಹೋದ ವಾರ ಒಂದು ಟೂರ್ನಮೆಂಟ್ ಇತ್ತು. ಮನೆಯವರೆಲ್ಲ ಮೊದಲ ಸಲ ನೋಡಲು ಹೋಗಿದ್ದೆವು. ಟೀಮ್ ಗೆದ್ದಿತು. ಆದರೆ ಸ್ಕೋರ್‌ಶೀಟ್‌ನಲ್ಲಿ ಇವನ ಲೆಕ್ಕ ಬರೀ 4 ಪಾಯಿಂಟ್. ವಾಪಸ್ ಬರುವಾಗ ಆಟೋದಲ್ಲಿ ಚಿಕ್ಕಪ್ಪ, "ಬಾಲ್ ಎಲ್ಲಾ ಬೇರೆಯವರಿಗೇ ಕೊಟ್ಟುಬಿಟ್ಟರೆ ನೀನು ಆಡೋದು ಯಾವಾಗಪ್ಪಾ?" ಎಂದರು. ಅವನು ಒಂದು ಮಾತೂ ಆಡಲಿಲ್ಲ. ರಾತ್ರಿ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಅವನಿಗೆ ಸ್ಟೀವ್ ನ್ಯಾಶ್ ಅಂದರೆ ಪ್ರಾಣ, ಇವನು ಹುಟ್ಟುವ ಮುಂಚಿನ ಮ್ಯಾಚುಗಳನ್ನೂ ಹುಡುಕಿ ಹುಡುಕಿ ನೋಡುತ್ತಾನೆ. ನಾನೂ ಸ್ವಲ್ಪ ಓದಿದೆ. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯಲ್ಲಿ 18 ಸೀಸನ್ ಆಡಿ ಒಂದೇ ಒಂದು ಸಲವೂ ಫೈನಲ್ ಮುಟ್ಟಿಲ್ಲವಂತೆ. ಹಾಗಿದ್ದೂ ಅವನನ್ನು ಅಷ್ಟು ದೊಡ್ಡ ಆಟಗಾರ ಅಂತ ಯಾಕೆ ಹೇಳುತ್ತಾರೆ? ಪಾಸ್ ಕೊಡುವುದನ್ನೇ ನಂಬಿಕೊಂಡ ಹುಡುಗನಿಗೆ ಇಲ್ಲಿ ಮುಂದೆ ದಾರಿ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ಬೆಳಿಗ್ಗೆ ಆರರ ಮ್ಯಾಚ್:

ಅಕ್ಕ, ನಿಮ್ಮ ತಮ್ಮ ಸರಿಯಾದವನನ್ನೇ ಹಿಡಿದಿದ್ದಾನೆ. ನಾನು ಕಾಲೇಜಿಗೆ ಹೋಗುವ ಮುಂಚೆ ಬೆಳಿಗ್ಗೆ ಟಿವಿ ಮುಂದೆ ಕೂತು ನ್ಯಾಶ್ ಇದ್ದ ಫೀನಿಕ್ಸ್ ಸನ್ಸ್ ಟೀಮ್ ಆಟ ನೋಡಿ ಬೆಳೆದವನು, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ನ್ಯಾಶ್ ಹುಟ್ಟಿದ್ದು 1974ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ, ಬೆಳೆದದ್ದು ಕೆನಡಾದ ವಿಕ್ಟೋರಿಯಾದಲ್ಲಿ. ಅಪ್ಪ ಫುಟ್‌ಬಾಲ್ ಆಟಗಾರ. ಇವನೂ ಮೊದಲು ಫುಟ್‌ಬಾಲ್ ಆಡಿದವನೇ, ಬಾಸ್ಕೆಟ್‌ಬಾಲ್‌ಗೆ ಬಂದಿದ್ದು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ. ಹೈಸ್ಕೂಲ್ ಮುಗಿದಾಗ ಅಮೆರಿಕದ ಕಾಲೇಜುಗಳಿಗೆ ಆಟದ ವಿಡಿಯೋ ಕಳಿಸಿದರೆ ಸ್ಕಾಲರ್‌ಶಿಪ್ ಕೊಟ್ಟಿದ್ದು ಒಂದೇ ಒಂದು, ಸಾಂಟಾ ಕ್ಲಾರಾ. ಅಲ್ಲಿ ಕ್ಯಾಂಪಸ್‌ನಲ್ಲಿ ನಡೆಯುವಾಗಲೂ ಟೆನಿಸ್ ಬಾಲ್ ಡ್ರಿಬಲ್ ಮಾಡುತ್ತಾ ಓಡಾಡುತ್ತಿದ್ದ.

1996ರ ಡ್ರಾಫ್ಟ್‌ನಲ್ಲಿ, ಅಂದರೆ ಟೀಮ್‌ಗಳು ಹೊಸಬರನ್ನು ಸರದಿಯಲ್ಲಿ ಆರಿಸಿಕೊಳ್ಳುವಾಗ, 15ನೆಯವನಾಗಿ ಫೀನಿಕ್ಸ್‌ಗೆ ಬಂದ. ಆದರೆ ಅಲ್ಲಿ ಅದೇ ಜಾಗದಲ್ಲಿ ಕೆವಿನ್ ಜಾನ್ಸನ್, ಆಮೇಲೆ ಜೇಸನ್ ಕಿಡ್ ಇದ್ದರು, ಇವನಿಗೆ ಬೆಂಚೇ ಗತಿ. 1998ರಲ್ಲಿ ಡಲ್ಲಾಸ್‌ಗೆ ಕಳಿಸಿದರು. ಅಲ್ಲಿ ಮೊದಲ ವರ್ಷ ಸ್ವಂತ ಟೀಮ್‌ನ ಪ್ರೇಕ್ಷಕರೇ ಅವನ ಕೈಗೆ ಬಾಲ್ ಬಂದರೆ ಕೂಗಿ ಹಂಗಿಸುತ್ತಿದ್ದರು. ಆಟೋದಲ್ಲಿ ಒಬ್ಬ ಚಿಕ್ಕಪ್ಪ ಅಲ್ಲ, ಸ್ಟೇಡಿಯಂ ಪೂರ್ತಿ ಚಿಕ್ಕಪ್ಪಂದಿರು! ಲೀಗ್‌ನ ಆಯ್ದ ಆಟಗಾರರ ಆಲ್ ಸ್ಟಾರ್ ಮ್ಯಾಚಿಗೆ ಮೊದಲ ಸಲ ಆಯ್ಕೆ ಆಗಿದ್ದು 2002ರಲ್ಲಿ, ಆಗ ಅವನಿಗೆ 28. ಅಲ್ಲಿಯವರೆಗೆ ಕಾದಿದ್ದಾನೆ.

2004ರಲ್ಲಿ ಮತ್ತೆ ಫೀನಿಕ್ಸ್‌ಗೆ ಬಂದ. ಹಿಂದಿನ ಸೀಸನ್‌ನಲ್ಲಿ ಆ ಟೀಮ್ ಗೆದ್ದಿದ್ದು 29 ಮ್ಯಾಚ್. ಇವನು ಬಂದ ಸೀಸನ್‌ನಲ್ಲಿ 62. ಅವನ ಸರಾಸರಿ ಪಾಯಿಂಟ್ ಎಷ್ಟು ಗೊತ್ತಾ? 15.5. ಆದರೆ ಅಸಿಸ್ಟ್, ಅಂದರೆ ನೇರವಾಗಿ ಬಾಸ್ಕೆಟ್ ಆಗುವಂಥ ಪಾಸ್, 11.5. ಆ ಸೀಸನ್ ಎಂವಿಪಿ (ಲೀಗ್‌ನ ಅತ್ಯುತ್ತಮ ಆಟಗಾರ), ಮುಂದಿನದರಲ್ಲೂ ಎಂವಿಪಿ. ಒಟ್ಟು ವೃತ್ತಿಯಲ್ಲಿ 10,335 ಅಸಿಸ್ಟ್. ಬೆನ್ನುಮೂಳೆಯ ತೊಂದರೆ ಇತ್ತು. ಬೆಂಚಿನಲ್ಲಿ ಕೂತರೆ ಬೆನ್ನು ಬಿಗಿಯುತ್ತದೆ ಅಂತ ಕೋರ್ಟ್ ಪಕ್ಕ ನೆಲದ ಮೇಲೆ ಮಲಗಿರುತ್ತಿದ್ದ, ಕೋಚ್ ಕರೆದ ತಕ್ಷಣ ಎದ್ದು ಒಳಗೆ ಓಡುತ್ತಿದ್ದ. ಫೈನಲ್ ಸಿಗಲಿಲ್ಲ ನಿಜ, ಅದರ ಹಿಂದಿನ ಸುತ್ತಿಗೆ ನಾಲ್ಕು ಸಲ ಹೋಗಿ ನಾಲ್ಕೂ ಸಲ ಸೋತ. ನನಗೆ ಇವತ್ತಿಗೂ ಅದು ಬೇಜಾರೇ.

ಹಳೇ ಸೆಂಟರ್:

ನಾನು ಯೂನಿವರ್ಸಿಟಿ ಮಟ್ಟದಲ್ಲಿ ಸೆಂಟರ್, ಅಂದರೆ ರಿಂಗ್ ಹತ್ತಿರದ ಎತ್ತರದವರ ಜಾಗದಲ್ಲಿ ಆಡಿದವನು, 6 ಅಡಿ 4 ಇಂಚು. ಪಾಸ್ ತಗೊಳ್ಳುವವನ ಕಡೆಯಿಂದ ಒಂದು ಮಾತು.

ನಮ್ಮ ಟೀಮ್‌ನಲ್ಲಿ ಒಬ್ಬ ಗಿಡ್ಡ ಗಾರ್ಡ್ ಇದ್ದ. ನಾನು ಸ್ಕ್ರೀನ್ ಹಾಕಿ (ಅವನ ಡಿಫೆಂಡರ್‌ಗೆ ಅಡ್ಡ ನಿಂತು) ರಿಂಗ್ ಕಡೆ ತಿರುಗುವಷ್ಟರಲ್ಲಿ ಬಾಲ್ ನನ್ನ ಎದೆ ಮಟ್ಟಕ್ಕೆ ಬಂದಿರುತ್ತಿತ್ತು. ಮೊಣಕಾಲಿಗಲ್ಲ, ಬೆನ್ನ ಹಿಂದಕ್ಕಲ್ಲ, ಸರಿಯಾಗಿ ಎದೆಗೆ. ನಾನು ಮಾಡಬೇಕಾದದ್ದು ಎತ್ತಿ ಹಾಕುವುದಷ್ಟೇ. ಪೇಪರ್‌ನಲ್ಲಿ ನನ್ನ ಹೆಸರು ಬಂತು, 22 ಪಾಯಿಂಟ್ ಅಂತ. ಅವನ ಹೆಸರೇ ಇರಲಿಲ್ಲ. ಮುಂದಿನ ವರ್ಷ ಅವನು ಕೆಲಸಕ್ಕೆ ಸೇರಿ ಆಟ ಬಿಟ್ಟ. ಅದೇ ನಾನು, ಅದೇ ಎತ್ತರ, ಅದೇ ಕೈ. ಒಂದು ಮ್ಯಾಚಿಗೆ 10 ಪಾಯಿಂಟ್ ದಾಟಲು ಒದ್ದಾಡಿದೆ.

ಇನ್ನೊಂದು ವಿಷಯ. ಇಲ್ಲಿ ಟೇಬಲ್ ಮೇಲೆ ಬರೆಯುವ ಸ್ಕೋರ್‌ಶೀಟ್‌ನಲ್ಲಿ ಪಾಯಿಂಟ್‌ಗೆ ಜಾಗ ಇದೆ, ಫೌಲ್‌ಗೆ ಇದೆ, ಟೈಮ್ ಔಟ್‌ಗೆ ಇದೆ. ಅಸಿಸ್ಟ್‌ಗೆ ಕಾಲಂ ಇಲ್ಲ! ಅದನ್ನು ಬೇರೆಯಾಗಿ ಒಬ್ಬರು ಕೂತು ಬರೆಯಬೇಕು, ಸಣ್ಣ ಟೂರ್ನಮೆಂಟ್‌ಗಳಲ್ಲಿ ಯಾರೂ ಬರೆಯಲ್ಲ. ಹಾಗಾಗಿ ನಿಮ್ಮ ಚಿಕ್ಕಪ್ಪ ನೋಡಿದ ಹಾಳೆಯಲ್ಲಿ ನಿಮ್ಮ ತಮ್ಮನ ಕೆಲಸ ಇರಲೇ ಇಲ್ಲ. ಮ್ಯಾಚ್ ಯಾರಾದರೂ ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಕೂತು ಎಣಿಸಿ ನೋಡಿ.

ಕಂಠೀರವ ಗೇಟ್:

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ನಾನು ರಾಜ್ಯದ ಜೂನಿಯರ್ ಟೀಮ್‌ನಲ್ಲಿ ಗಾರ್ಡ್ ಆಡಿದವಳು, ಸ್ಪೋರ್ಟ್ಸ್ ಕೋಟಾದಲ್ಲೇ ಕೆಲಸ ಸಿಕ್ಕಿದೆ.

ನ್ಯಾಶ್ ಬರೀ ಪಾಸ್ ಕೊಡುವವನಾಗಿರಲಿಲ್ಲ. ಫೀಲ್ಡ್ ಗೋಲ್ (ಆಟದ ನಡುವಿನ ಎಲ್ಲ ಶಾಟ್) ನೂರಕ್ಕೆ 50, ದೂರದ ಗೆರೆಯಾಚೆಯ ಥ್ರೀ ಪಾಯಿಂಟ್ 40, ಫೌಲ್‌ಗೆ ಸಿಗುವ ಫ್ರೀ ಥ್ರೋ 90, ಈ ಮೂರನ್ನೂ ಒಂದೇ ಸೀಸನ್‌ನಲ್ಲಿ ಮುಟ್ಟುವುದು ಬಹಳ ಕಷ್ಟ. ಅವನು ನಾಲ್ಕು ಸೀಸನ್ ಮುಟ್ಟಿದ್ದಾನೆ. 2005ರ ಪ್ಲೇಆಫ್‌ನಲ್ಲಿ ಡಲ್ಲಾಸ್‌ನವರು ನಾಲ್ಕನೇ ಮ್ಯಾಚ್‌ನಲ್ಲಿ ಅವನ ಪಾಸ್‌ಗಳನ್ನು ಕಟ್ಟಿಹಾಕಿ, ನೀನೇ ಹೊಡಕೋ ಅಂತ ಬಿಟ್ಟರು. ಅವನು 48 ಹೊಡೆದ. ಆದರೆ ಫೀನಿಕ್ಸ್ ಸೋತಿತು! ಆರನೇ ಮ್ಯಾಚ್‌ನಲ್ಲಿ 39 ಪಾಯಿಂಟ್ ಜೊತೆಗೆ 12 ಅಸಿಸ್ಟ್, ಸರಣಿಯೇ ಫೀನಿಕ್ಸ್‌ದು. ಇದನ್ನು ನಿಮ್ಮ ತಮ್ಮ ಚೆನ್ನಾಗಿ ನೋಡಬೇಕು. ಗಾರ್ಡ್ ಶೂಟ್ ಮಾಡುತ್ತಾನೆ ಅನ್ನೋ ಭಯ ಇದ್ದರೇನೇ ಡಿಫೆಂಡರ್ ಹತ್ತಿರ ಬರುವುದು, ಅವನು ಹತ್ತಿರ ಬಂದರೇನೇ ಹಿಂದೆ ದಾರಿ ತೆರೆಯುವುದು. ಶೂಟ್ ಮಾಡದ ಗಾರ್ಡ್‌ನನ್ನು ದೂರದಲ್ಲೇ ನಿಂತು ಕಾಯುತ್ತಾರೆ, ಆಗ ಪಾಸ್ ಕೂಡ ಸಾಯುತ್ತದೆ. ಸೆಲೆಕ್ಷನ್‌ನಲ್ಲಿ ನಾನು ಮೊದಲ ವರ್ಷ ಹೊರಗೆ ಉಳಿದಿದ್ದು ಇದಕ್ಕೇ.

5 ಅಡಿ 9 ಇಂಚಿನ ಚಿಂತೆ ಅವನಿಗೆ ಹಚ್ಚಬೇಡಿ. ಮಗ್ಸಿ ಬೋಗ್ಸ್ 5 ಅಡಿ 3 ಇಂಚು ಇದ್ದುಕೊಂಡು ಎನ್‌ಬಿಎಯಲ್ಲಿ 14 ಸೀಸನ್ ಆಡಿದ. ಆದರೆ ಆಟವೊಂದನ್ನೇ ನಂಬಿ ಓದು ಬಿಡಿಸಬೇಡಿ. ಬೆಂಗಳೂರು ಬೀಸ್ಟ್ ಟೀಮ್ ಇದ್ದ ಯುಬಿಎ ಅನ್ನೋ ನಮ್ಮ ದೇಶದ ಬಾಸ್ಕೆಟ್‌ಬಾಲ್ ಲೀಗ್ ಬಂತು, ನಿಂತೂ ಹೋಯಿತು. ನಮ್ಮ ದೇಶದ ಗಾರ್ಡ್ ವಿಶೇಷ್ ಭೃಗುವಂಶಿ 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ 36ಅರ್ಸ್ ಟೀಮ್ ಜೊತೆ ಸಹಿ ಹಾಕಿದಾಗ ನಾವೆಲ್ಲ ಸ್ವೀಟ್ ಹಂಚಿದ್ದೆವು, ಆದರೆ ಅಂಥ ಬಾಗಿಲು ಎಷ್ಟು ಜನಕ್ಕೆ ತೆರೆಯುತ್ತದೆ? ಇಲ್ಲಿ ಹೆಚ್ಚಿನವರ ಜೀವನ ನಡೆಯುವುದು ರೈಲ್ವೆ, ಬ್ಯಾಂಕು, ಇನ್ಕಮ್ ಟ್ಯಾಕ್ಸ್ ಟೀಮ್‌ಗಳಲ್ಲಿ. ಅದು ಒಳ್ಳೆಯ ಜೀವನವೇ. ಸಂಬಳ ಬರುತ್ತದೆ, ಆಟವೂ ಉಳಿಯುತ್ತದೆ. ಸರ್ಟಿಫಿಕೇಟ್‌ಗಳನ್ನು ಒಂದೂ ಕಳೆಯದೆ ಫೈಲ್ ಮಾಡಿಡಿ.

ಬಸವನಗುಡಿ ಅಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವನ ಫ್ರೆಂಡ್ ಒಬ್ಬನ ಹತ್ತಿರ ವಿಡಿಯೋ ಇತ್ತು. ಭಾನುವಾರ ಚಿಕ್ಕಪ್ಪನನ್ನೂ ಕೂರಿಸಿಕೊಂಡು ನೋಡಿದೆವು. ನಾನು ಹಳೇ ನೋಟ್‌ಬುಕ್‌ನಲ್ಲಿ ಗೆರೆ ಎಳೆಯುತ್ತಾ ಹೋದೆ. ಇವನ ಪಾಸ್‌ನಿಂದ ನೇರವಾಗಿ ಬಿದ್ದ ಬಾಸ್ಕೆಟ್ 11. ಎಂಟನೆಯದಕ್ಕೆ ಚಿಕ್ಕಪ್ಪನೇ "ಅದೂ ಇವನದೇ, ಹಾಕು ಹಾಕು" ಎಂದರು.

ಆದರೆ ಕಂಠೀರವ ಗೇಟ್ ಮೇಡಂ ಹೇಳಿದ್ದೂ ಕಣ್ಣಿಗೆ ಬಿತ್ತು. ಮುಂದೆ ಯಾರೂ ಇಲ್ಲದೆ ಶೂಟ್ ಮಾಡಬಹುದಿತ್ತು, ಮಾಡದೆ ಪಾಸ್ ಕೊಟ್ಟಿದ್ದು 6 ಸಲ. ಅದನ್ನು ಅವನೇ ಎಣಿಸಿ ಬರೆದ. ನಾಳೆಯಿಂದ ಪ್ರಾಕ್ಟೀಸ್ ಮುಗಿದ ಮೇಲೆ ದಿನಾ 200 ಶಾಟ್ ಅಂತ ಹೇಳಿದ್ದಾನೆ, ಬಾಲ್ ಎತ್ತಿ ಕೊಡಲು ನಾನೂ ಹೋಗುತ್ತೇನೆ.